ಹಲ್ಲುಗಾಲಿಯ ಬಾಣಂತನ

ಬೈಲಹೊಂಗಲದ ನನ್ನ ವೆಲ್ಡಿಂಗ್ ಅಂಗಡಿಯ ಶಟರ್ ಎಳೆದು ಎರಡು ಮಳೆಗಾಲ ಕಳೆದವು. ಕಣ್ಣಿನ ಡಾಕ್ಟರು, "ಇನ್ನ ಆ ಬೆಳಕು ನೋಡಬ್ಯಾಡ್ರಿ" ಅಂದರು. ನನ್ನ ಹೆಂಡತಿ, "ಹಂಗಾರ ನನ್ನ ಮಾರಿ ನೋಡ್ಕೋತ ಕೂಡ್ರಿ" ಅಂದಳು. ದಿನವಿಡೀ ಹಾಗೆ ಕೂತರೆ ಇಬ್ಬರಿಗೂ ಕಷ್ಟ ಅಂತ ಗೊತ್ತಾಗಿ ಈ ಬರವಣಿಗೆಗೆ ಕೈಹಚ್ಚಿದ್ದೇನೆ.

ಐಟಿಐ ಮುಗಿಸಿದ ಹುಡುಗರು, ಈಗೀಗ ಹುಡುಗಿಯರೂ, ಮನೆಗೆ ಬರುತ್ತಾರೆ. "ಕಾಕಾ, ಈ ಕೆಲಸದಾಗ ಮುಖ್ಯ ಏನ್ರಿ?" ಅಂತ ಕೇಳುತ್ತಾರೆ. ಚಹಾ ಮುಗಿಯುವುದರೊಳಗೆ ಮುಗಿಯುವ ಉತ್ತರ ಅವರಿಗೆ ಬೇಕು. ನನ್ನ ಹತ್ತಿರ ಅಂಥದ್ದು ಇಲ್ಲ. ಬಡ್ತಿಯ ಕಥೆ ಹೇಳೋಣವೆಂದರೆ ಅದೂ ಇಲ್ಲ. ಮೊದಲು ಅಂಗಡಿಯ ಹೊರಗೆ ಬಿಸಿಲಲ್ಲಿ ಕೂತು ಕಬ್ಬಿಣ ತಿಕ್ಕುತ್ತಿದ್ದೆ, ಆಮೇಲೆ ಒಳಗೆ ಬೆಂಕಿಯ ಮುಂದೆ ಕೂತೆ. ಇಷ್ಟೇ ನನ್ನ ಏಳಿಗೆ.

ನಮ್ಮದು ಪೂಜೆ, ಪಂಚಾಂಗದ ಮನೆತನ. ಅಜ್ಜ, ಅಪ್ಪ, ಕಾಕಾ ಎಲ್ಲರೂ ಸುತ್ತಲಿನ ಹಳ್ಳಿಗಳಲ್ಲಿ ಪೌರೋಹಿತ್ಯ ಮಾಡಿದವರು. ನನಗೆ ಮಾತ್ರ ಮಂತ್ರ ತಲೆಗೆ ಹತ್ತಲಿಲ್ಲ. ಆರತಿಯ ಹೊತ್ತಿನಲ್ಲಿ ಗಂಟೆಯ ಹಿಡಿಕೆಯನ್ನು ಗಂಟೆಗೆ ಹೇಗೆ ಕೂಡಿಸಿದ್ದಾರೆ ಅಂತ ನೋಡುತ್ತ ನಿಲ್ಲುತ್ತಿದ್ದೆ. ಕೊನೆಗೊಂದು ದಿನ ನಾನು ವೆಲ್ಡಿಂಗ್ ಕಲಿಯಲು ಹೋಗುತ್ತೇನೆ ಅಂದಾಗ ಅಪ್ಪ, "ಇರಲಿ, ಅಗ್ನಿಕಾರ್ಯ ಅಂತೂ ಬಿಡಲಿಲ್ಲ" ಅಂದರು.

ಕಲಿಸಿದವರು ಪರಸಪ್ಪ ಮಿಸ್ತ್ರಿ. ಹುಬ್ಬಳ್ಳಿ ಕಡೆ ಒಂದು ಕಾರ್ಖಾನೆಯಲ್ಲಿ ದುಡಿದು, ಮುರಗೋಡ ರಸ್ತೆಗೆ ಬಂದು ಸ್ವಂತ ಅಂಗಡಿ ಹಾಕಿದವರು. ಅವರ ಮನೆಯವರು ಬೌದ್ಧರು. ಅಂಗಡಿಯ ಗೋಡೆಯ ಮೇಲೆ ಹೊಗೆ ತಿಂದ ಒಂದು ಬುದ್ಧನ ಪಟ ಇತ್ತು, ಅದಕ್ಕೆ ಊದುಬತ್ತಿ ಹಚ್ಚಿದ್ದನ್ನು ನಾನು ಕಾಣೆ. "ಇಲ್ಲಿ ಇರೋ ಹೊಗಿ ಸಾಲ್ದೇನು?" ಅನ್ನುತ್ತಿದ್ದರು. ನನ್ನ ನಿಜವಾದ ಹೆಸರು ಅವರ ಬಾಯಿಂದ ಒಮ್ಮೆಯೂ ಬರಲಿಲ್ಲ. ಮೊದಲ ದಿನದಿಂದ ನಾನು ಭಟ್ಟ.

ಆ ಭಟ್ಟನಿಗೆ ಅವರು ಮೊದಲು ಕಲಿಸಿದ್ದು ಮಡಿ. ನಗಬೇಡಿ. ಮನೆಯಲ್ಲಿ ಅಜ್ಜಿಯ ಮಡಿ ತಪ್ಪಿಸಿಕೊಂಡು ಓಡಿಬಂದವನು ಅದಕ್ಕಿಂತ ಕಟ್ಟುನಿಟ್ಟಿನ ಮಡಿಗೆ ಸಿಕ್ಕಿಬಿದ್ದೆ. ಕೂಡಿಸುವ ಎರಡು ತುದಿಗಳನ್ನು ಕಾನಸಿನಿಂದ, ಅಂದರೆ ಅರದಿಂದ, ಉಜ್ಜಬೇಕು. ತಂತಿಯ ಬ್ರಶ್ಶಿನಿಂದ ತಿಕ್ಕಬೇಕು. ತುಕ್ಕು, ಬಣ್ಣ, ಎಣ್ಣೆ ಎಲ್ಲ ಹೋಗಿ ಲೋಹದ ಖರೇ ಬಣ್ಣ ಕಾಣಬೇಕು. ಕಂಡ ಮೇಲೆ ಬೆರಳು ತಾಗಿಸಕೂಡದು. ಒಮ್ಮೆ ಹೊಳಪು ನೋಡಿದ ಖುಷಿಗೆ ಹೆಬ್ಬೆರಳು ಆಡಿಸಿಬಿಟ್ಟೆ.

"ಏ ಭಟ್ಟಾ, ಮುಟ್ಟಿದೇನು? ಮೈಲಿಗಿ ಆತು. ಮತ್ತ ತಿಕ್ಕು."

"ಬರೇ ಬೆರಳ್ರಿ ಮಿಸ್ತ್ರಿ."

"ನಿನ್ನ ಬೆರಳ ಎಣ್ಣಿ ನನ್ನ ಹಿತ್ತಾಳಿಗೆ ಆಗೂದಿಲ್ಲ. ನಿಮ್ಮ ಮಂದಿ ನಮಗ ಮುಟ್ಟಬ್ಯಾಡ ಅಂದಿದ್ದು ಇಷ್ಟ ವರ್ಷ ಆತು. ಈಗ ನಾ ಅಂತೇನಿ, ಕೇಳು."

ಅಂಗಡಿಯಲ್ಲಿದ್ದ ಗಿರಾಕಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಮತ್ತೆ ತಿಕ್ಕಿದೆ. ಈ ಕಸುಬಿನಲ್ಲಿ ಅರ್ಧ ಕೆಲಸ ಬೆಂಕಿ ಹಚ್ಚುವ ಮೊದಲೇ ಮುಗಿದಿರುತ್ತದೆ. ಹೊಲಸಿನ ಮೇಲೆ ಯಾವ ಬೆಸುಗೆಯೂ ನಿಲ್ಲುವುದಿಲ್ಲ.

ಇನ್ನು ಮೂರು ಬಗೆಯ ಬೆಸುಗೆ. ನಮ್ಮ ಕಡೆ ಮೂರಕ್ಕೂ ಒಂದೇ ಮಾತು: "ಜರಾ ವೆಲ್ಡಿಂಗ್ ಹಚ್ಚಿಕೊಡ್ರಿ." ಟ್ರೇಲರ್ ಮುರಿದರೂ ಅದೇ, ತಂಬಿಗೆ ಸೋರಿದರೂ ಅದೇ. ಪುಸ್ತಕದಲ್ಲಿ ಏನು ಬರೆದಿದ್ದಾರೋ ನೋಡಿಕೊಳ್ಳಿ. ನಾನು ಅಡುಗೆಮನೆಯಿಂದ ಹೇಳುತ್ತೇನೆ. ಜೋಳದ ಹಿಟ್ಟಿನ ಎರಡು ಉಂಡೆ ತೆಗೆದುಕೊಂಡು ಕೂಡಿಸಿ ನಾದಿದರೆ ಯಾವುದು ಎಲ್ಲಿತ್ತು ಅಂತ ಹೇಳಲಾಗದು. ಅದು ವೆಲ್ಡಿಂಗ್. ಎರಡೂ ತುದಿ ಕರಗಿ ಒಂದಾಗುತ್ತವೆ. ಶೇಂಗಾ ಉಂಡಿ ಕಟ್ಟುವಾಗ ಬೆಲ್ಲ ಮಾತ್ರ ಕರಗುತ್ತದೆ, ಶೇಂಗಾ ಕರಗುವುದಿಲ್ಲ. ಆದರೂ ಉಂಡಿ ಒಡೆಯಲು ಹಲ್ಲು ಗಟ್ಟಿ ಇರಬೇಕು. ಅದು ಬ್ರೇಜಿಂಗ್. ಹಿತ್ತಾಳೆ ಕರಗಿ, ಕಾದ ಕಬ್ಬಿಣದ ಸಂದಿಯೊಳಗೆ ತಾನೇ ಹರಿದುಹೋಗಿ ಹಿಡಿದುಕೊಳ್ಳುತ್ತದೆ. ಶೇಂಗಾ ತಣ್ಣಗಿದ್ದರೆ ಪಾಕ ಹಿಡಿಯದ ಹಾಗೆ, ಕಬ್ಬಿಣ ಕೆಂಪಾಗದಿದ್ದರೆ ಹಿತ್ತಾಳೆ ಗುಂಡಗೆ ಉರುಳಿ ಬೀಳುತ್ತದೆ. ಇನ್ನು ಲಕೋಟೆಗೆ ಅರಗು ಹಾಕಿ ಮುದ್ರೆ ಒತ್ತುತ್ತಾರಲ್ಲ, ಅದು ಸೋಲ್ಡರಿಂಗ್. ಸೀಸ, ತವರ ಕೂಡಿಸಿದ ಮೆತ್ತನೆಯ ಲೋಹ, ಸಣ್ಣ ಬಿಸಿಗೆ ಕರಗುತ್ತದೆ, ಸಣ್ಣ ಬಿಸಿಗೆ ಬಿಡುತ್ತದೆ.

ಮೂರಕ್ಕೂ ಒಂದೊಂದು ಕಾವಲು ಬೇಕು. ಬಿಸಿಯಾದ ಲೋಹ ಗಾಳಿಗೆ ಕಪ್ಪಾಗುತ್ತದೆ, ಕಪ್ಪಾದ ಮೇಲೆ ಯಾರನ್ನೂ ಹತ್ತಿರ ಸೇರಿಸುವುದಿಲ್ಲ. ಅದಕ್ಕೇ ತವರಕ್ಕೆ ನವಸಾಗರ, ಹಿತ್ತಾಳೆಗೆ ಬಿಳಿಗಾರ, ಕರೆಂಟಿನ ರಾಡಿಗೆ ಮೈಮೇಲಿನ ಲೇಪ. ಈಗ ಬಂದಿರುವ ಮಶೀನುಗಳಲ್ಲಿ ತಂತಿ ತಾನೇ ಬರುತ್ತದೆ, ಸುತ್ತಲೂ ಗ್ಯಾಸು ಬೀಸುತ್ತದೆ. ಹೆಲ್ಮೆಟ್ಟಿನ ಗಾಜು ಕಿಡಿ ಹಾರಿದ ಕೂಡಲೇ ತಾನೇ ಕಪ್ಪಾಗುತ್ತದೆ. ಎಲ್ಲ ತಾನೇ. ತುಕ್ಕು ತಿಕ್ಕುವುದೊಂದು ಮಾತ್ರ ಇನ್ನೂ ತಾನೇ ಆಗುವುದಿಲ್ಲ.

ಬಗೆ ತಿಳಿಯದಿದ್ದರೆ ಏನಾಗುತ್ತದೆ? ಮುರಗೋಡದ ಚಹಾದಂಗಡಿಯ ಶಿವಪುತ್ರಪ್ಪನ ಕಿಟಲಿ ನೋಡಿ. ಅದರ ಮೂತಿ ಕಳಚಿತ್ತು. ನಮ್ಮಲ್ಲಿಗೆ ಬರುವ ಬದಲು, ಸಂತೆಯಲ್ಲಿ ಕೂತು ಕೊಡ, ಬಕೆಟ್ಟಿಗೆ ತೇಪೆ ಹಾಕುವವನ ಹತ್ತಿರ ತವರ ಹಚ್ಚಿಸಿಕೊಂಡ. ನೀರು ತುಂಬಿದರೆ ಒಂದು ಹನಿ ಸೋರಲಿಲ್ಲ. ಖುಷಿಯಾಯಿತು. ಮರುದಿನ ಚಹಾ ಬತ್ತಿಸುತ್ತ ಮಾತಿಗೆ ನಿಂತ. ಮೂತಿಯ ಮಟ್ಟಕ್ಕಿಂತ ಚಹಾ ಕೆಳಗಿಳಿಯಿತು, ಉರಿ ಪಕ್ಕದಿಂದ ಮೇಲೆದ್ದಿತು, ಬೆಸುಗೆ ಬಿಟ್ಟಿತು. ಮೂತಿ ಬಂದು ಪಂಚಾಯ್ತಿ ಸದಸ್ಯರೊಬ್ಬರ ಚಹಾದ ಬಶಿಯಲ್ಲಿ ಬಿತ್ತು.

ಶಿವಪುತ್ರಪ್ಪ ಕಿಟಲಿ, ಮೂತಿ ಎರಡನ್ನೂ ಹಿಡಿದುಕೊಂಡು ಬಂದ. "ಮಿಸ್ತ್ರಿ, ನೀರ ಹಾಕಿ ನೋಡೇನಿ, ಚೊಲೋ ಇತ್ತರಿ!"

"ನೀರ ಇದ್ದಾಗ ಅದು ನೀರಿಗಿಂತ ಬಿಸಿ ಆಗೂದಿಲ್ಲ. ನೀರ ಸರಿದ ಮ್ಯಾಲೆ ಅದರ ಪಾಡು ಅದಕ್ಕ. ಅದೂ ಅಲ್ಲದ ಸೀಸ ಕಲಸಿದ್ದು, ಇಷ್ಟ ಮಂದಿಗೆ ಅದರಾಗಿನ ಚಾ ಕುಡಿಸಿ ಏನ್ ಮಾಡಬೇಕಂತಿ?" ಅಂದರು ಮಿಸ್ತ್ರಿ. ಹಿತ್ತಾಳೆಯಿಂದ ಕೂಡಿಸಿ ಕೊಟ್ಟೆವು.

ಈಗ ಗಾಣದ ಮಾತಿಗೆ ಬರುತ್ತೇನೆ. ಕೇಳಿದವರಿಗೆಲ್ಲ ನಾನು ಹೇಳುವುದು ಇದೊಂದನ್ನೇ.

ಸಂಗೊಳ್ಳಿಯ ಹತ್ತಿರ ಗಂಗವ್ವ ಅನ್ನುವವರು ಬೆಲ್ಲದ ಗಾಣ ನಡೆಸುತ್ತಿದ್ದರು. ಗಂಡ ತೀರಿದ ಮೇಲೆ ಎಲ್ಲರೂ ಮಾರು ಮಾರು ಅಂದರೂ ಮಾರದೆ, ತಾವೇ ಒಲೆಯ ಮುಂದೆ ನಿಂತು ಗಾಣ ಉಳಿಸಿಕೊಂಡವರು. ಮಾತು ಖಡಕ್ಕು, ಬೆಲ್ಲ ಮೆತ್ತಗೆ. ಸುಗ್ಗಿಯ ನಡುವೆ ಅವರ ಗಾಣದ ದೊಡ್ಡ ಹಲ್ಲುಗಾಲಿ ಬಿರುಕು ಬಿಟ್ಟಿತು. ಉರುಳುಗಳನ್ನು ತಿರುಗಿಸುವ ಗಾಲಿ ಅದೇ. ಎರಕದ ಕಬ್ಬಿಣದ್ದು, ಇಬ್ಬರು ಸೇರಿ ಎತ್ತಬೇಕು. ಅಂಥ ಹಳೆಯ ಗಾಣ ಮಾಡುವ ಕಾರ್ಖಾನೆ ಯಾವಾಗಲೋ ಮುಚ್ಚಿಹೋಗಿತ್ತು, ಬದಲಿ ಗಾಲಿ ಎಲ್ಲೂ ಇಲ್ಲ. ಅಂಗಳದ ತುಂಬ ರೈತರು ಕಡಿದು ತಂದ ಕಬ್ಬು. ಕಡಿದ ಕಬ್ಬು ಕಾಯುವುದಿಲ್ಲ. ದಿನ ಹೋದ ಹಾಗೆ ಹುಳಿ ತಿರುಗಿ, ಬೆಲ್ಲ ಗಟ್ಟಿಯಾಗದೆ ರಾಡಿಯಾಗುತ್ತದೆ. ಈ ಸಲ ರೈತರು ಬೇರೆ ಗಾಣಕ್ಕೆ ಹೋದರೆ ಮುಂದಿನ ಸುಗ್ಗಿಗೆ ತಿರುಗಿ ಬರುವುದು ಕನಸು. ಗಾಲಿ ಹೋದರೆ ಗಾಣ ಹೋಯಿತು.

ಕಾರ್ಬೈಡಿನ ಡಬ್ಬಿ, ಆಕ್ಸಿಜನ್ ಸಿಲಿಂಡರ್ ಟ್ರೇಲರಿನಲ್ಲಿ ಹೇರಿಕೊಂಡು ನಾವು ಮುಂಜಾನೆ ಮುಟ್ಟಿದೆವು. ಆಗ ನಾನು ಅಂಗಡಿಗೆ ಸೇರಿ ಕೆಲವು ವರ್ಷ ಆಗಿತ್ತು, ಬ್ರೇಜಿಂಗ್ ಕೈಗೆ ಹತ್ತಿತ್ತು. ಗಾಲಿ ಆಗಲೇ ಒಂದು ಸಲ ಕೆಟ್ಟಿತ್ತು. ಹಿಂದಿನ ದಿನ ಯಾರೋ ಬಂದು ಬಿರುಕಿನ ಮೇಲೆ ಕರೆಂಟಿನ ರಾಡು ಎಳೆದುಹೋಗಿದ್ದ. ಬೆಸುಗೆ ಗಟ್ಟಿ ಇತ್ತು, ಅದರ ಪಕ್ಕದಲ್ಲೇ ಹೊಸ ಬಿರುಕು ಓಡಿತ್ತು.

"ಅಣ್ಣಾ, ಅಂವ ಹಚ್ಚಿದ್ದು ಹಂಗ ಐತಿ, ಬಾಜೂಕ ಯಾಕ ಸೀಳೇತಿ?" ಅಂತ ಗಂಗವ್ವ ಮಿಸ್ತ್ರಿಯನ್ನು ಕೇಳಿದರು.

"ಗಂಗವ್ವಾ, ಎರಕದ ಕಬ್ಬಿಣ ಅಂದ್ರ ಸಿಟ್ಟಿನ ಮನಶಾ ಇದ್ದಂಗ. ಗಟ್ಟಿ ಭಾಳ, ಬಾಗೂದ ಇಲ್ಲ. ಒಂದ ಕಡೆ ಕಾಸಿದ್ರ ಅಲ್ಲಿ ಉಬ್ಬತೈತಿ, ಉಳಿದ ಮೈ ತಣ್ಣಗ ಇರತೈತಿ. ಆರೂ ಮುಂದ ಇದು ಜಗ್ಗತೈತಿ, ಅದು ಬಿಡೂದಿಲ್ಲ. ಟಣ್ ಅನ್ನತೈತಿ."

"ಮತ್ತ?"

"ಪೂರಾ ಗಾಲಿನ ಕಾಸಬೇಕು. ಒಮ್ಮಿಗೇ ಉಬ್ಬಬೇಕು, ಒಮ್ಮಿಗೇ ಇಳೀಬೇಕು. ನಿಮ್ಮ ಬೆಲ್ಲದ ಒಲಿ ಕೊಡ್ರಿ."

ಅಷ್ಟು ದೊಡ್ಡ ಒಲೆ ನಮ್ಮ ಅಂಗಡಿಯಲ್ಲೆಲ್ಲಿ ಬರಬೇಕು? ಕೊಪ್ಪರಿಗೆ ಇಳಿಸಿ ಒಲೆ ಖಾಲಿ ಮಾಡಿದೆವು. ಹಳೆಯ ಬೆಸುಗೆಯನ್ನು ಉಳಿಯಿಂದ ಕೆತ್ತಿ ತೆಗೆದೆ. ಬಿರುಕಿನ ತುದಿಗೆ ಸಣ್ಣ ತೂತು ಕೊರೆದೆ. ಹರಿದ ಬಟ್ಟೆಯ ಹರಕು ತೂತಿಗೆ ಬಂದು ನಿಲ್ಲುತ್ತದಲ್ಲ, ಹಾಗೆ ಬಿರುಕೂ ಅಲ್ಲಿಗೆ ನಿಲ್ಲಬೇಕು. ಬಿರುಕಿನ ಉದ್ದಕ್ಕೂ ಗಾಡಿ ಜಾಡಿನಂಥ ಕೊರಕಲು ಮಾಡಿ ತಿಕ್ಕಿದೆ. ಬೆಲ್ಲ ಕಾಸುವ ಈರಪ್ಪ ಕಬ್ಬಿನ ಸಿಪ್ಪೆಯ ಉರಿ ಹಾಕಿದ. ನಿಧಾನವಾಗಿ, ಪಾಕಕ್ಕೆ ಹಾಕಿದ ಹಾಗೆ. ಈರಪ್ಪನಿಗೆ ಉರಿಯ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಗಾಲಿ ಸಂಜೆ ಸೂರ್ಯನ ಮಬ್ಬು ಕೆಂಪಿಗೆ ಬಂದಾಗ ಮಿಸ್ತ್ರಿ ಗ್ಯಾಸಿನ ಉರಿ ಹಿಡಿದರು. ನಾನು ಬಿಳಿಗಾರದಲ್ಲಿ ಅದ್ದಿ ಹಿತ್ತಾಳೆಯ ಸರಳು ಕೊಟ್ಟೆ. ಹಿತ್ತಾಳೆ ತುಪ್ಪದ ಹಾಗೆ ಕೊರಕಲಿನ ತಳಕ್ಕಿಳಿದು ಮೇಲೆ ಬಂತು. ಆಮೇಲೆ ಗಾಲಿಯನ್ನು ಒಲೆಯ ಬಿಸಿ ಬೂದಿಯಲ್ಲಿ ಹೂತೆವು. "ನಾಳೆ ಮುಂಜಾನಿ ತನಕಾ ಯಾರೂ ಮುಟ್ಟಬಾರ್ದು" ಅಂದು ಮಿಸ್ತ್ರಿ ಕೈಕಾಲು ತೊಳೆಯಲು ಬಾವಿಯ ಕಡೆ ನಡೆದರು. ನಾನು ಹಿಂದೆಯೇ ಹೋದೆ.

ಅವತ್ತು ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆ ಬಂತೆಂದರೆ ಟ್ರ್ಯಾಕ್ಟರ್, ಮೋಟರ್, ಹಿಟ್ಟಿನ ಗಿರಣಿ, ಎಲ್ಲದಕ್ಕೂ ಒಂದೊಂದು ಕಾಯಿ. ಅದು ತಪ್ಪಿದರೆ ಮಶೀನು ಮುನಿಸಿಕೊಳ್ಳುತ್ತದೆ. ಇದ್ದ ಅಮಾವಾಸ್ಯೆಗಳಲ್ಲೆಲ್ಲ ಗಾಣಕ್ಕೆ ಕಾಯಿ ಒಡೆದ ಈರಪ್ಪ, ಗಾಲಿಗೆ ಇಷ್ಟು ಕಷ್ಟ ಬಂದ ದಿನವೇ ಹೇಗೆ ಬಿಟ್ಟಾನು? ಮುಟ್ಟಬಾರದು ಅಂದಿದ್ದರು, ಅವನು ಮುಟ್ಟಲಿಲ್ಲ. ಸಲಿಕೆಯಿಂದ ಮೇಲಿನ ಬೂದಿ ಅಷ್ಟೇ ಸರಿಸಿದ, ಕಲ್ಲಿಗೆ ಕಾಯಿ ಕುಕ್ಕಿ ಭಕ್ತಿಯಿಂದ ಗಾಲಿಯ ಮೇಲೆ ಅದರ ನೀರು ಬಿಟ್ಟ.

ಬಾವಿಯ ತನಕ ಕೇಳಿತು. ಟಣ್.

ಮಿಸ್ತ್ರಿ ಓಡಿದರು. ಎದ್ದ ಆವಿಯಲ್ಲಿ ಈರಪ್ಪ ಕಾಯಿಯ ಎರಡೂ ಹೋಳು ಹಿಡಿದುಕೊಂಡು ಅಳುವವನ ಹಾಗೆ ನಿಂತಿದ್ದ. ಬಿರುಕು ಮತ್ತೆ ಬಾಯಿ ತೆರೆದಿತ್ತು.

"ಏನ್ ಮಾಡಿದ್ಯೋ ಮಾರಾಯಾ!"

"ಪೂಜಿ ಮಾಡೇನ್ರಿ. ನಾ ಮುಟ್ಟಿಲ್ರಿ ಮಿಸ್ತ್ರಿ, ದೇವರಾಣಿ ಮುಟ್ಟಿಲ್ರಿ."

ಅಂಗಳದಲ್ಲಿದ್ದ ರೈತರು ಸೇರಿದರು. ಎಲ್ಲಕ್ಕಿಂತ ಹೆಚ್ಚು ಕಬ್ಬು ತಂದಿದ್ದ ಬಸವಂತಪ್ಪ ತಲೆಯ ಮೇಲಿನ ಟೊಪ್ಪಿಗೆ ಸರಿಮಾಡಿಕೊಂಡ. "ಕಾಯಿ ಒಡದಾಗ ಬಿರಕ ಬಿಟ್ಟೇತಿ ಅಂದ್ರ ದೇವರ ಮನಸಿಲ್ಲ. ಅಪಶಕುನ. ಗಂಗವ್ವಾ, ಸಿಟ್ಟ ಆಗಬ್ಯಾಡ, ನಾ ನನ್ನ ಕಬ್ಬ ಹೇರತೇನಿ."

ಮಿಸ್ತ್ರಿ ಕೂಗಾಡಿದರು. ಬಿಸಿ ಕಬ್ಬಿಣ, ತಣ್ಣೀರು, ಉಬ್ಬುವುದು, ಇಳಿಯುವುದು ಎಲ್ಲ ಹೇಳಿದರು. ಯಾರೂ ಕೇಳಲಿಲ್ಲ. ದೇವರನ್ನು ನಂಬದ ಮಿಸ್ತ್ರಿ ದೇವರ ಮನಸ್ಸಿನ ಬಗ್ಗೆ ಏನು ಹೇಳಿಯಾರು? ಬಸವಂತಪ್ಪ ಎತ್ತು ಹೂಡಲು ಹೊರಟ. ಉಳಿದವರು ಅವನ ಬೆನ್ನು ನೋಡುತ್ತಿದ್ದರು. ಅವನ ಗಾಡಿ ಹೊರಟರೆ ಅವರ ಗಾಡಿಯೂ ಹೊರಡುತ್ತದೆ ಅಂತ ಕಾಣುತ್ತಲೇ ಇತ್ತು.  ಗಂಗವ್ವ ನನ್ನ ಕಡೆ ತಿರುಗಿದರು.

"ಭಟ್ರ, ನೀವು ಪಂಚಾಂಗದ ಮನ್ಯಾವ್ರು. ನೀವ ಹೇಳ್ರಿ. ಅಪಶಕುನ ಹೌದೇನು?"

ಎಲ್ಲರೂ ನನ್ನನ್ನೇ ನೋಡಿದರು. ಮಂತ್ರ ಕಲಿಯದೆ ಓಡಿಬಂದವನನ್ನು ತಲೆಮಾರುಗಳ ಪೌರೋಹಿತ್ಯ ಬೂದಿಯ ಗುಂಡಿಯ ಪಕ್ಕದಲ್ಲಿ ಹಿಡಿದು ನಿಲ್ಲಿಸಿತ್ತು. ಶಾಸ್ತ್ರ ಏನು ಹೇಳುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ನಮ್ಮ ಅಕ್ಕ ಮೊನ್ನೆಯಷ್ಟೇ ಹಡೆದು ತವರಿನಲ್ಲಿದ್ದಳು, ಮನೆಯಲ್ಲಿ ಏನು ನಡೆದಿತ್ತೋ ಅದು ಬಾಯಿಗೆ ಬಂತು.

"ಅಪಶಕುನ ಅಲ್ರಿ ಗಂಗಕ್ಕಾ. ಈ ಗಾಲಿ ಈಗ ಬಾಣಂತಿ ಅದ. ಈಗರ ಬೆಂಕ್ಯಾಗಿಂದ ಎದ್ದು ಬಂದದ. ಹಡದಾಕಿ ಮೈಮ್ಯಾಲ ತಣ್ಣೀರ ಸುರುವಿದ್ರ ಏನಾಗ್ತದ, ನೀವ ಹೇಳ್ರಿ."

ಗಂಗವ್ವನ ಮುಖದ ಬಣ್ಣವೇ ಬದಲಾಯಿತು. "ಯವ್ವಾ! ಸನ್ನಿ ಹಿಡೀತೈತಿ!" ಅಂದು ಈರಪ್ಪನ ಕಡೆ ಹೊರಳಿದರು. "ಲೇ ಈರ್‍ಯಾ, ನಿನ್ನ ಹೇಂತಿ ಹಡದಾಗ ಹಿಂಗ ಕಾಯಿ ಒಡದು ನೀರ ಬಿಟ್ಟಿದ್ದೇನು?"

"ಇಲ್ಲಬೇ ಯವ್ವಾ..."

"ಮತ್ತ ಇದಕ್ಕ ಹೆಂಗ ಬಿಟ್ಟಿ? ಉರಿ ಹಾಕು ನಡಿ!"

ಬಸವಂತಪ್ಪ ಗಾಡಿ ಹೊಡೆದುಕೊಂಡು ಹೋಗೇಬಿಟ್ಟ. ಉಳಿದವರು ಅತ್ತ ಇತ್ತ ನೋಡಿ, "ನಾಳಿ ಮುಂಜಾನಿ ತನಕಾ ನೋಡೂಣು" ಅಂತ ಬೀಡಿ ಹಚ್ಚಿದರು. ನಾಳೆ ಮುಂಜಾನೆ ತನಕ. ಅಷ್ಟೇ ಅವರು ಕೊಟ್ಟ ಗಡುವು.

ಮತ್ತೆ ಹಿತ್ತಾಳೆ ಕೆತ್ತಿದೆವು, ಮತ್ತೆ ತಿಕ್ಕಿದೆವು, ಮತ್ತೆ ಕಾಸಿದೆವು. ಈ ಸಲ ಹೂಳುವ ಕೆಲಸ ನಮ್ಮ ಕೈಯಲ್ಲಿ ಉಳಿಯಲಿಲ್ಲ. ಗಂಗವ್ವ ಎಷ್ಟೋ ಹೆಣ್ಣುಮಕ್ಕಳ ಬಾಣಂತನ ಮಾಡಿದವರು. ಕೆಳಗೆ ಕೆಂಡ ಹರಡಿಸಿದರು, ಮೇಲೆ ದಪ್ಪಗೆ ಬೂದಿ ಮುಚ್ಚಿಸಿದರು. "ಗಾಳಿ ಬಡಿಯೂದಿಲ್ಲೇನು?" ಅಂತ ಪಡುವಣ ದಿಕ್ಕಿಗೆ ತಗಡು ನಿಲ್ಲಿಸಿದರು. ಯಾರೋ ಇಣುಕಲು ಬಂದರೆ, "ದೂರ ನಿಂದ್ರು, ದೃಷ್ಟಿ ಆದೀತು" ಅಂದರು. ಮಿಸ್ತ್ರಿ ಹೇಳಬೇಕಾದದ್ದನ್ನೆಲ್ಲ ಅವರೇ ಹೇಳಿ ಮುಗಿಸಿದ್ದರು. ಮಿಸ್ತ್ರಿ ನನ್ನ ಕಿವಿಯಲ್ಲಿ, "ಇದು ಯಾವ ಶಾಸ್ತ್ರದಾಗ ಐತೋ ಭಟ್ಟಾ?" ಅಂದರು.

"ನಮ್ಮವ್ವನ ಶಾಸ್ತ್ರದಾಗ ಅದರಿ."

ನಾವಿಬ್ಬರೂ ಅಲ್ಲೇ ಗಾಣದ ಛಪ್ಪರದಲ್ಲಿ ಉಳಿದೆವು. ಬೆಳಗಾದ ಮೇಲೆ ಬೂದಿ ಸರಿಸಿದೆವು. ಹಿತ್ತಾಳೆಯ ಗೆರೆ ಕಪ್ಪು ಗಾಲಿಯ ಮೇಲೆ ಹಳದಿ ಸೀರೆಯ ಅಂಚಿನ ಹಾಗೆ ಕಾಣುತ್ತಿತ್ತು. ಸಣ್ಣ ಸುತ್ತಿಗೆಯಿಂದ ಸುತ್ತಲೂ ತಟ್ಟಿದೆ. ಒಡಕು ದನಿ ಬರಲಿಲ್ಲ, ಗಂಟೆಯ ದನಿ ಬಂತು. ಗಾಲಿ ಏರಿಸಿ ಕೂಡಿಸಿದೆವು. ಬೆಲ್ಟು ಹಾಕುವ ಹೊತ್ತಿಗೆ ನೋಡಿದರೆ ಈರಪ್ಪ ಒಂದು ಕಾಯಿ ಹಿಡಿದುಕೊಂಡು ಮೂಲೆಯಲ್ಲಿ ನಿಂತಿದ್ದಾನೆ. ಕೇಳುವ ಧೈರ್ಯವಿಲ್ಲ, ಬಿಡುವ ಮನಸ್ಸಿಲ್ಲ.

ಮಿಸ್ತ್ರಿ ಅವನನ್ನು ಕೈಮಾಡಿ ಕರೆದರು. "ಬಾ ಇಲ್ಲೆ. ಗಾಲಿ ಮ್ಯಾಲ ಅಂಗೈ ಇಡು."

ಈರಪ್ಪ ಹೆದರುತ್ತ ಇಟ್ಟ.

"ಸುಡತೈತೇನು?"

"ಇಲ್ರಿ. ತಣ್ಣಗ ಐತ್ರಿ."

"ಹಂಗಾರ ಒಡಿ."

"ಖರೇನ್ರಿ?"

"ಒಡಿಯೋ ಮಾರಾಯಾ, ಎಲ್ಲಾರೂ ನಿನ್ನ ಕಾಯಿನ ಕಾಯಾಕ ಹತ್ಯಾರ."

ಈರಪ್ಪ ಕಾಯಿ ಒಡೆದ. ನೀರು ಹಿತ್ತಾಳೆಯ ಗೆರೆಯ ಮೇಲಿಂದ ಹರಿದು ಹಲ್ಲುಗಳ ಸಂದಿಯಲ್ಲಿ ಇಳಿಯಿತು.  ನಾನು ಕಣ್ಣು ಮುಚ್ಚಿದೆ. ನೀರು ತೊಟ್ಟಿಕ್ಕುವ ಸದ್ದು ಬಿಟ್ಟರೆ ಬೇರೆ ಏನೂ ಕೇಳಲಿಲ್ಲ.

ಇಂಜಿನ್ ಹೊಡೆದರು. ಗಾಲಿ ಮೊದಲು ನರಳಿ, ಆಮೇಲೆ ತನ್ನ ಲಯಕ್ಕೆ ಬಂತು. ಗಂಗವ್ವ ಮೊದಲ ಕಬ್ಬು ಕೊಟ್ಟರು. ಉರುಳುಗಳು ಅದನ್ನು ಕಚ್ಚಿ ಎಳೆದುಕೊಂಡವು, ಕೆಳಗಿನ ದೋಣಿಗೆ ಕಬ್ಬಿನ ಹಾಲು ನೊರೆ ಕಟ್ಟುತ್ತ ಬಿತ್ತು. ಬೀಡಿ ಹಿಡಿದಿದ್ದ ರೈತರು ಬೀಡಿ ಎಸೆದು ಕಬ್ಬಿನ ಹೊರೆಗೆ ಕೈ ಹಾಕಿದರು.

ಬಿಸಿಲೇರುವ ಹೊತ್ತಿಗೆ ರಸ್ತೆಯಲ್ಲಿ ಎತ್ತಿನ ಗಾಡಿಯೊಂದು ಬಂತು. ಬಸವಂತಪ್ಪ. ಬೇರೆ ಗಾಣದಲ್ಲಿ ಅವನ ಮುಂದೆ ಬಹಳ ಗಾಡಿ ಇದ್ದುವಂತೆ.

"ಎತ್ತಿಗೆ ನೀರ ಕುಡಿಸಾಕ ಹ್ವಾಗಿದ್ನಿ ಗಂಗವ್ವಾ" ಅಂದ.

ಗಂಗವ್ವ ಉರುಳಿಗೆ ಕಬ್ಬು ಕೊಡುವುದನ್ನು ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಚೊಲೋ ಆತು ಬಾ ಬಸವಂತಪ್ಪಾ. ಪಾಳೆ ಕಡೀಕ ಐತಿ."

ಗಾಣ ತಿರುಗುತ್ತಲೇ ಇತ್ತು. ಬಸವಂತಪ್ಪ ಎತ್ತು ಬಿಚ್ಚಿ, ಎಲ್ಲರ ಹಿಂದೆ ಹೋಗಿ ನಿಂತ.